ಚಹಾದ ಒಗರು, ಅಕ್ಕನ ರಕ್ತ

ಆಹಾರದಲ್ಲಿರುವ ಕಬ್ಬಿಣಾಂಶವು ರಕ್ತವನ್ನು ಸೇರುವ ದಾರಿ ಬಾಯಿಯಿಂದಲೇ ಆರಂಭವಾಗುತ್ತದೆಂದು, ಅಲ್ಲಿ ಊರುವ ಎಂಜಲಿಗೂ ಆ ಕೆಲಸದಲ್ಲೊಂದು ಪಾಲಿದೆಯೆಂದು ಪಟ್ಟು ಹಿಡಿದು ಪರೀಕ್ಷಿಸಿದ ಸಂಶೋಧಕರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರೆಂದು ವಿದ್ವತ್ ವಲಯದಲ್ಲಿ ಗೌರವಕ್ಕೆ ಪಾತ್ರರಾದ, ಎರಡು ತಲೆಮಾರಿನ ವಿದ್ಯಾರ್ಥಿನಿಯರ ಬಾಯಲ್ಲಿ ಪ್ರೀತಿಯಿಂದಲೂ ತುಸು ಕೀಟಲೆಯಿಂದಲೂ ‘ಎಂಜಲು ಮೇಡಂ’ ಎಂದೇ ಹೆಸರಾದ ಹಿರಿಯರು ಈ ತಿಂಗಳು ಮಹಿಳಾ ಕಾಲೇಜಿನ ಪೌಷ್ಟಿಕಾಹಾರ ವಿಭಾಗದ ಮುಖ್ಯಸ್ಥೆಯ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ. ಚಹಾ ಕುಡಿದರೆ ರಕ್ತ ಕಡಿಮೆಯಾಗುತ್ತದೆಯೇ ಎಂದು ಇಂದು ಯಾರಾದರೂ ಕೇಳಿದರೆ, ಮೇಡಂ ಕೂಡಲೇ ಹೌದು ಎನ್ನುವುದಿಲ್ಲ, ಇಲ್ಲ ಎಂದೂ ಅನ್ನುವುದಿಲ್ಲ. ಕೇಳಿದವರನ್ನು ಎದುರಿಗೆ ಕೂರಿಸಿಕೊಂಡು ಮೊದಲು ಅವರ ವಿಷಯ ವಿಚಾರಿಸುತ್ತಾರೆ. ಈ ತಾಳ್ಮೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಅವರಿಗಿಂತ ಹೆಚ್ಚಾಗಿ ಅದನ್ನು ತೆತ್ತವರು ಅವರ ಅಕ್ಕ.

ಮೇಡಂ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಲೇಖನ ಬರೆಯಲು ಒಪ್ಪಿಕೊಂಡ ಶಿಷ್ಯೆ ಅನುಮತಿ ಕೇಳಲು ಹೋದಾಗ ಮೇಡಂ ಹಾಕಿದ ಷರತ್ತು ಒಂದೇ. “ಹೊಗಳೋರು ಬೇಕಾದಷ್ಟು ಜನ ಇದ್ದಾರೆ, ಅವರು ಹೊಗಳಲಿ. ನೀನು ಅಕ್ಕನ ವಿಷಯ ಬರಿ. ಅದನ್ನ ಬಿಟ್ಟು ಬರೆಯೋದಾದ್ರೆ ಬರೀಲೇಬೇಡ.” ಅಭಿನಂದನೆಯ ಪುಸ್ತಕದಲ್ಲಿ ಇಂಥದ್ದು ಚೆನ್ನಾಗಿ ಕಾಣುವುದಿಲ್ಲವೆಂದು ಶಿಷ್ಯೆ ಅಳುಕಿದಳು. ಮೇಡಂ ಕನ್ನಡಕ ತೆಗೆದು ಒರೆಸುತ್ತಾ, ಚೆನ್ನಾಗಿ ಕಾಣಬೇಕೆಂದು ತಾವು ಮಾಡಿದ ಕೆಲಸದಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು ಎಂದರು. ಅವರ ಮಾತನ್ನು ಮೀರಲಾಗದೆ, ಅವರು ಆಗಾಗ ಹೇಳಿದ್ದನ್ನೂ ಶಿಷ್ಯೆ ಕಣ್ಣಾರೆ ಕಂಡದ್ದನ್ನೂ ಇಲ್ಲಿ ಕ್ರಮವಾಗಿ ಹೇಳಲಾಗಿದೆ.

ಮೇಡಂ ಬೆಳೆದದ್ದು ಒಂದು ಹೊಲಿಗೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಎರಡೇ ಕೋಣೆಯ ಬಾಡಿಗೆ ಮನೆಯಲ್ಲಿ. ತಂದೆ ತೀರಿಕೊಂಡಾಗ ಅವರಿನ್ನೂ ಚಿಕ್ಕವರು. ತಾಯಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಶಾಲೆ ಮುಗಿಸಿದ್ದ ಅಕ್ಕ ಮುಂದೆ ಓದುವ ಮಾತೆತ್ತದೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವ ಸಾಲಿಗೆ ಸೇರಿದರು. ಕಾಲರನ್ನು ಒಳಮೈ ಹೊರಗಾಗುವಂತೆ ತಿರುಗಿಸಿ, ಅದರ ಮೂಲೆ ಬಟ್ಟೆ ಹರಿಯದಂತೆ ಚೂಪಾಗಿ ನಿಲ್ಲುವಂತೆ ಮಾಡುವುದು ನಾಜೂಕಿನ ಕೆಲಸ. ಅದರಲ್ಲಿ ಅಕ್ಕನನ್ನು ಮೀರಿಸುವವರು ಆ ಸಾಲಿನಲ್ಲಿ ಇರಲಿಲ್ಲವಂತೆ. ನಾಲಿಗೆಯೂ ಹಾಗೆಯೇ ಚೂಪು. ಪರೀಕ್ಷೆಯ ದಿನಗಳಲ್ಲಿ ತಂಗಿ ಅಡುಗೆಮನೆಗೆ ಬಂದರೆ, ಪಾತ್ರೆ ತೊಳೆಯುವುದಕ್ಕೆ ಡಿಗ್ರಿ ಬೇಕಾಗಿಲ್ಲ, ಹೋಗಿ ಓದು ಎಂದು ಗದರಿಸಿ ಓಡಿಸುತ್ತಿದ್ದರು. ಅವರಿಗಿದ್ದ ಒಂದೇ ಚಪಲ ಚಹಾ. ಹಾಲು ಹಾಕದ, ಕುದಿಸಿ ಕುದಿಸಿ ಕಪ್ಪಾದ, ಬಾಯಿಗಿಟ್ಟರೆ ಕೆನ್ನೆ ಒಳಕ್ಕೆ ಎಳೆದುಕೊಳ್ಳುವಷ್ಟು ಒಗರಾದ ಚಹಾ. ಊಟಕ್ಕೆ ಕೂತರೂ ಪಕ್ಕದಲ್ಲಿ ಆ ಲೋಟ ಇರಲೇಬೇಕು, ಇಲ್ಲದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು.

ಅಕ್ಕನ ದುಡಿಮೆಯಲ್ಲಿ ಓದಿ ಪದವಿ ಪಡೆದ ಮೇಡಂ ಸಂಶೋಧನೆಗೆ ಆರಿಸಿಕೊಂಡದ್ದು ಅದೇ ಲೋಟವನ್ನು. ಅವರ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ಪ್ರಯೋಗವೂ ಕಟ್ಟುನಿಟ್ಟಾಗಿಯೇ ಇತ್ತು. ಒಂದು ದಿನ ನೀರಿನ ಜೊತೆ, ಇನ್ನೊಂದು ದಿನ ಚಹಾದ ಜೊತೆ ಒಂದೇ ಬಗೆಯ ಊಟ ಬಡಿಸುವುದು. ಊಟಕ್ಕೆ ಮೊದಲೂ ಊಟವಾದ ಕೆಲವು ಗಂಟೆಗಳ ಮೇಲೂ ರಕ್ತ ತೆಗೆದು, ಅದರಲ್ಲಿ ಕಬ್ಬಿಣಾಂಶ ಎಷ್ಟು ಏರಿದೆಯೆಂದು ನೋಡುವುದು. ಚಹಾಕ್ಕೆ ಒಗರು ಕೊಡುವ ಟ್ಯಾನಿನ್ ಎಂಬ ವಸ್ತು ಕಾಳು, ಸೊಪ್ಪು, ಧಾನ್ಯಗಳಲ್ಲಿನ ಕಬ್ಬಿಣವನ್ನು ಹೊಟ್ಟೆಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ದೇಹಕ್ಕೆ ದಕ್ಕದಂತೆ ಹೊರಗೆ ಸಾಗಿಸಿಬಿಡುತ್ತದೆಂಬುದು ಆಗಲೇ ತಿಳಿದಿತ್ತು. ಮೇಡಂ ಪ್ರಯೋಗವೂ ಅದನ್ನೇ ಹೇಳಿತು. ಚಹಾ ಕುಡಿದ ದಿನ ಕಬ್ಬಿಣ ಏರಿದ್ದು ನೀರು ಕುಡಿದ ದಿನದ ಅರ್ಧವೂ ಇರಲಿಲ್ಲ. ಆದರೆ ಆ ಪ್ರಯೋಗಕ್ಕೆ ಬಂದ ಹೆಣ್ಣುಮಕ್ಕಳೆಲ್ಲ ಹಾಸ್ಟೆಲಿನವರು. ಊಟದ ಜೊತೆ ಚಹಾ ಕುಡಿದು ಅಭ್ಯಾಸವಿದ್ದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಈ ಮಾತು ಪ್ರಬಂಧದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬಂದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಬರೆದವರೂ ಸಹ.

ಪದವಿಯ ಹಿಂದೆಯೇ ಹೆಸರೂ ಬಂತು. ಕಠಿಣವಾದುದನ್ನು ತಿಳಿಯಾಗಿ ಹೇಳುವ ಕಲೆ ಮೇಡಂಗೆ ಆಗಲೇ ಕರಗತವಾಗಿತ್ತು. ರೇಡಿಯೋದಲ್ಲಿ ಮಾತನಾಡಿದರು, ಶಾಲೆಗಳಲ್ಲಿ ಮಾತನಾಡಿದರು. ಊಟದ ಪಕ್ಕದಲ್ಲಿ ಚಹಾ ಬೇಡವೆಂಬ ಅವರ ಭಿತ್ತಿಪತ್ರ ಆಸ್ಪತ್ರೆಗಳ ಗೋಡೆಯೇರಿತು. ಎಲ್ಲಿ ಹೋದರೂ ಚಪ್ಪಾಳೆ. ಹೀಗಿರುವಾಗ ಅಕ್ಕನ ಕಾರ್ಖಾನೆಯವರೇ ಆರೋಗ್ಯ ದಿನಕ್ಕೆಂದು ಅವರನ್ನು ಕರೆದರು.

ಉದ್ದನೆಯ ಊಟದ ಹಾಲ್, ತಗಡಿನ ಮೇಜುಗಳು, ಸಾಲುಸಾಲಾಗಿ ಕುಳಿತ ಹೆಂಗಸರು, ಒಂದು ಬದಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಚಹಾ. ಮೇಡಂ ಅಂದು ಹಿಂದೆಂದೂ ಮಾತನಾಡದಷ್ಟು ಚೆನ್ನಾಗಿ ಮಾತನಾಡಿದರು. ಮಾತಿನ ಓಘದಲ್ಲಿ ವೇದಿಕೆ ಇಳಿದು ಮೇಜುಗಳ ನಡುವೆ ನಡೆದುಕೊಂಡು ಹೋಗಿ, ಅಕ್ಕನ ಹೆಗಲ ಮೇಲೆ ಕೈಯಿಟ್ಟು ಎಬ್ಬಿಸಿ ನಿಲ್ಲಿಸಿದರು. “ಇವರು ನನ್ನ ಅಕ್ಕ. ನನ್ನನ್ನ ಸಾಕಿದವರು. ಮೊನ್ನೆ ಪರೀಕ್ಷೆ ಮಾಡಿಸಿದೆ, ಇವರ ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಎಲ್ಲಿ ಹೋಯ್ತು ಅಂತ ಈ ಲೋಟಾನೇ ಕೇಳಿ” ಎಂದು ಅಕ್ಕನ ಕೈಯಲ್ಲಿದ್ದ ಚಹಾದ ಲೋಟವನ್ನು ತೆಗೆದು ಎತ್ತಿ ಹಿಡಿದರು. ಹಾಲ್ ತುಂಬ ನಗು ಹರಡಿತು. ಅಕ್ಕನೂ ನಕ್ಕರು, ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ. ಆ ನಗು ತಡವಾಗಿ ಬಂತೆಂಬುದು ಮೇಡಂಗೆ ಅಂದು ಕಂಡಿರಲಿಲ್ಲ. ಈಗಲೂ ಆ ದಿನದ ಮಾತು ಬಂದರೆ ಅವರು ಎದುರಿಗಿದ್ದವರ ಮುಖ ನೋಡುವುದಿಲ್ಲ, ಕಿಟಕಿಯತ್ತ ತಿರುಗುತ್ತಾರೆ.

ಕಾರ್ಖಾನೆಯ ಆಡಳಿತಕ್ಕೆ ಆ ಭಾಷಣ ಬೇಕಾದ್ದಕ್ಕಿಂತ ಹೆಚ್ಚು ಹಿಡಿಸಿತು. ಊಟದ ಹೊತ್ತಿನ ಚಹಾ ನಿಂತಿತು. ಚಹಾ ಇಲ್ಲವೆಂದ ಮೇಲೆ ಅಷ್ಟು ಹೊತ್ತು ಕೂರುವ ಅಗತ್ಯವೇನೆಂದು ಊಟದ ಬಿಡುವೂ ಮೊಟಕಾಯಿತು. ಮೇಡಂಗೆ ಒಂದು ಕೃತಜ್ಞತಾ ಫಲಕ ಬಂತು, ಅದು ವಿಭಾಗದ ಗೋಡೆಯನ್ನು ಅಲಂಕರಿಸಿತು. ಅತ್ತ ಅಕ್ಕನ ಸಾಲಿನ ಹೆಂಗಸರು, ನಿನ್ನ ತಂಗಿ ಬಂದು ನಮ್ಮ ಬಾಯಿಗೆ ಮಣ್ಣು ಹಾಕಿ ಹೋದಳು ಎಂದು ಮುಖ ಗಂಟಿಕ್ಕಿದರು. ಕೆಲವರು ಅಕ್ಕನ ಪಕ್ಕದಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟರು. ಇದಾವುದನ್ನೂ ಅಕ್ಕ ತಂಗಿಯ ಕಿವಿಗೆ ಬೀಳಿಸಲಿಲ್ಲ.

ಮನೆಯಲ್ಲಿಯೂ ಅಕ್ಕ ಚಹಾ ಬಿಟ್ಟರು. ತಂಗಿ ತಂದುಕೊಟ್ಟ ಕಬ್ಬಿಣದ ಮಾತ್ರೆ ನುಂಗಿದರು. ತಿಂಗಳುಗಳು ಕಳೆದರೂ ರಕ್ತ ಏರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ತುಟಿಯೆಲ್ಲ ಬಿಳಿಚಿಕೊಂಡಿತ್ತು. ಆ ಹೊತ್ತಿಗೆ ಮೇಡಂಗೆ ಮದುವೆಯಾಗಿ ಬೇರೆ ಮನೆಯಾಗಿತ್ತು; ವಾರಕ್ಕೊಮ್ಮೆ ಅಕ್ಕನನ್ನು ನೋಡಲು ಬರುತ್ತಿದ್ದರು. ತಮ್ಮ ಸಿದ್ಧಾಂತದ ಪ್ರಕಾರ ಏರಲೇಬೇಕಾದ ರಕ್ತ ಏರದಿದ್ದಾಗ ಅವರಿಗೆ ಸಂದೇಹ ಬಂದದ್ದು ಸಿದ್ಧಾಂತದ ಮೇಲಲ್ಲ. ಕದ್ದು ಕುಡಿಯುತ್ತಿದ್ದೀಯಾ ಎಂದು ಒಂದು ದಿನ ನೇರವಾಗಿ ಕೇಳಿಯೇಬಿಟ್ಟರು. ಅಕ್ಕ ಅಷ್ಟೇ ನೇರವಾಗಿ, ಇಲ್ಲ ಎಂದರು. ಮೇಡಂ ನಂಬಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ತೊಳೆಯಲು ಇಟ್ಟಿದ್ದ ಲೋಟವನ್ನು ಎತ್ತಿ ಮೂಗಿಗೆ ಹಿಡಿದರು. ಹಿಂದಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಲೋಟದಲ್ಲಿ ನೀರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅಕ್ಕ ಲೋಟವನ್ನು ತಂಗಿಯ ಕೈಯಿಂದ ತೆಗೆದುಕೊಂಡು ತೊಳೆದು ಬೋರಲು ಹಾಕಿದರು.

ಇದೇ ಕಾಲಕ್ಕೆ ಬೇರೆ ಬೇರೆ ಕಡೆಗಳಿಂದ ಹೊಸ ವಿಚಾರಗಳು ಬರತೊಡಗಿದ್ದವು. ಒಂದೇ ಊಟದ ಪ್ರಯೋಗದಲ್ಲಿ ಚಹಾ ಅಷ್ಟೊಂದು ಕೆಡುಕು ಮಾಡುವಂತೆ ಕಂಡರೂ, ವರ್ಷಗಟ್ಟಲೆ ಚಹಾ ಕುಡಿದವರ ರಕ್ತ ಅದೇ ಪ್ರಮಾಣದಲ್ಲಿ ಕುಸಿದಿರುವುದಿಲ್ಲ. ಇದಕ್ಕೆ ಎಂಜಲಿನಲ್ಲಿರುವ ಕೆಲವು ಪ್ರೋಟೀನುಗಳು ಕಾರಣವಿರಬಹುದು. ಆ ಪ್ರೋಟೀನುಗಳು ಟ್ಯಾನಿನ್ನನ್ನು ಬಾಯಲ್ಲೇ ಅಪ್ಪಿ ಹಿಡಿಯುತ್ತವೆ. ಚಹಾ ಕುಡಿದಾಗ ನಾಲಿಗೆ ಒಣಗಿ ದೊರಗಾದಂತಾಗಿ ನಮಗೆ ಒಗರೆನ್ನಿಸುವುದು ಆ ಹಿಡಿತದಿಂದಲೇ. ಹಾಗೆ ಸಿಕ್ಕಿಕೊಂಡ ಟ್ಯಾನಿನ್ನಿಗೆ ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿಯಲು ಕೈ ಬಿಡುವಿರುವುದಿಲ್ಲ. ಒಗರನ್ನು ಉಂಡು ಉಂಡು ಕೆಲವರ ಬಾಯಿ ಈ ಪ್ರೋಟೀನುಗಳನ್ನು ಹೆಚ್ಚು ಹೆಚ್ಚಾಗಿ ಸುರಿಸಲು ಕಲಿಯುತ್ತದೆಯೋ ಏನೋ ಎಂಬುದು ಆಗಿನ ಊಹೆ. ಮೇಡಂ ಇದನ್ನು ಪರೀಕ್ಷಿಸಲು ಹೊರಟದ್ದು ಸುಳ್ಳೆಂದು ತೋರಿಸುವ ಹಟದಿಂದ. ಅದನ್ನೂ ಅವರು ಮುಚ್ಚಿಟ್ಟವರಲ್ಲ.

ಎಂಜಲು ಕೂಡಿಸುವ ಕೆಲಸ ರಕ್ತ ಕೂಡಿಸಿದಷ್ಟು ಸುಲಭವಲ್ಲವೆಂಬುದು ಆಗ ಗೊತ್ತಾಯಿತು. ತೋಳು ಚಾಚಿ ಸೂಜಿ ಚುಚ್ಚಿಸಿಕೊಳ್ಳಲು ಹಿಂಜರಿಯದ ಹೆಂಗಸರು ನಾಲ್ಕು ಜನರೆದುರು ಒಂದು ನಳಿಕೆಗೆ ಉಗುಳಲು ನಾಚಿ ನೀರಾಗುತ್ತಿದ್ದರು. ಕಾಲೇಜಿನ ಖರೀದಿ ಗುಮಾಸ್ತರು, ಉಗುಳುವುದಕ್ಕೆ ಮುಚ್ಚಳವಿರುವ ಗಾಜಿನ ನಳಿಕೆಗಳೇ ಏಕೆ ಬೇಕೆಂದು ಕೇಳಿ ಅರ್ಜಿಯನ್ನು ಹಿಂದಕ್ಕೆ ಕಳಿಸಿದರು. ಮೇಡಂ ಯಜಮಾನರು ನೆಂಟರ ಮುಂದೆ, ಆಕೆ ರಕ್ತದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ ಎಂದು ಹೇಳಿ ಮಾತು ತೇಲಿಸುತ್ತಿದ್ದರು. ಅಮ್ಮನ ಕೆಲಸವೇನೆಂದು ಶಾಲೆಯಲ್ಲಿ ಕೇಳಿದಾಗ ಮಗಳು ಇದ್ದದ್ದನ್ನು ಇದ್ದಂತೆ ಹೇಳಿ, ಮನೆಗೆ ಬಂದು ಅತ್ತಳು. ಅಂದಿನಿಂದಲೇ ಅವರು ಎಂಜಲು ಮೇಡಂ ಆದದ್ದು. ಆಗಷ್ಟೇ ಸಂಶೋಧನೆಗೆ ಸೇರಿದ ಶಿಷ್ಯೆಯೂ ಮೊದಲ ದಿನ ನಳಿಕೆ ಹಿಡಿದು ಬೆವರಿದವಳೇ. ಮೇಡಂ ಎಲ್ಲರ ಮುಂದೆ ತಾವೇ ಮೊದಲು ಉಗುಳಿ, ಗಲ್ಲಕ್ಕಿಳಿದ ಎಳೆಯನ್ನು ತೋಳಿನಿಂದ ಒರೆಸಿಕೊಂಡು, ನೋಡಿ ಪ್ರಾಣವೇನೂ ಹೋಗಲಿಲ್ಲ ಎಂದು ನಕ್ಕರು. ಕಾಲೇಜು ಗುಡಿಸುವ ಒಬ್ಬ ಹೆಂಗಸು ಪ್ರಯೋಗಕ್ಕೆ ಬಂದಾಗ ಮುಂದಿನ ಹಲ್ಲುಗಳಿಲ್ಲದೆ ಎಂಜಲು ಕೈಮೇಲೆಲ್ಲ ಸೋರಿ ಕಣ್ಣೀರು ಹಾಕಿದ್ದರು. ಮೇಡಂ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಆಕೆಗೆ ಬೆನ್ನು ತಿರುಗಿಸಿ ಕುಳಿತು, ಆಕೆ ಆಯಿತು ಎನ್ನುವವರೆಗೂ ತಮ್ಮ ಮಗಳ ಹಟದ ಕಥೆಗಳನ್ನು ಹೇಳುತ್ತಿದ್ದರಂತೆ. ಪರರ ನಾಚಿಕೆಯನ್ನು ಹೀಗೆ ಕಾಪಾಡಬಲ್ಲವರಿಗೆ ಸ್ವಂತ ಅಕ್ಕನ ನಾಚಿಕೆ ಕಾಣದೆ ಹೋದದ್ದು ವಿಚಿತ್ರ.

ಪ್ರಯೋಗಕ್ಕೆ ಹಳೆಯ ಚಹಾ ಚಟದವರು ಸಾಕಷ್ಟು ಸಿಗುತ್ತಿಲ್ಲವೆಂದು ತಿಳಿದು ಅಕ್ಕ ತಾವಾಗಿಯೇ ಬಂದರು. “ಮೇಲ್ವಿಚಾರಕನ ಮುಖಕ್ಕೆ ಉಗೀಬೇಕು ಅಂತ ಎಷ್ಟೋ ವರ್ಷದ ಆಸೆ ಕಣೆ. ಅದಾಗಲ್ಲ, ನಿನ್ನ ಟ್ಯೂಬಿಗಾದ್ರೂ ಉಗುಳ್ತೀನಿ” ಎಂದಾಗ ಪ್ರಯೋಗಾಲಯದಲ್ಲಿ ನಗದವರಿಲ್ಲ. ಆದರೆ ನಿಯಮದಂತೆ, ಪರೀಕ್ಷೆಗೆ ಮೊದಲು ಕೆಲವು ವಾರಗಳ ಕಾಲ ಎಂದಿನಂತೆ ಊಟದ ಜೊತೆ ಚಹಾ ಕುಡಿಯಬೇಕಿತ್ತು. ಮೇಡಂ ಅದನ್ನು ಹೇಳಲು ತಡವರಿಸಿದರು. ಅಕ್ಕ ತಂಗಿಯ ಮುಖವನ್ನೇ ನೋಡುತ್ತಾ, ಈಗ ಕುಡಿ ಎಂದು ನೀನೇ ಹೇಳುತ್ತಿದ್ದೀಯಲ್ಲ ಎಂದಷ್ಟೇ ಅಂದು, ಹೊರಡುವಾಗ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತು ಉಸಿರು ತೆಗೆದುಕೊಂಡು ಹೋದರು.

ಫಲಿತಾಂಶಗಳು ಬಂದವು. ತಣ್ಣಗಿರಿಸಿದ ಎಂಜಲಿಗೆ ಟ್ಯಾನಿನ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟಾಗ, ಚಹಾ ಅಭ್ಯಾಸವಿಲ್ಲದ ಬಹುತೇಕರ ನಳಿಕೆಗಳು ಕೊಂಚ ಮಾತ್ರ ಮಸುಕಾದರೆ, ಬಹುಕಾಲ ಕುಡಿದವರಲ್ಲಿ ಅನೇಕರ ನಳಿಕೆಗಳು ಸುಣ್ಣದ ನೀರಿನಂತೆ ಬೆಳ್ಳಗೆ ಕದಡಿದವು. ಅಂಥವರಿಗೆ ಚಹಾದ ಜೊತೆ ಉಂಡ ದಿನಕ್ಕೂ ನೀರಿನ ಜೊತೆ ಉಂಡ ದಿನಕ್ಕೂ ಕಬ್ಬಿಣದ ಏರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಎಲ್ಲರಿಗಿಂತ ದಟ್ಟವಾಗಿ ಕದಡಿದ ನಳಿಕೆಯೊಂದಿತ್ತು. ಆ ನಳಿಕೆಯ ಹೆಂಗಸಿನ ದೇಹ, ರಕ್ತ ಕಡಿಮೆಯಿದ್ದವರ ದೇಹ ಮಾಡುವಂತೆಯೇ, ಕಬ್ಬಿಣವನ್ನು ಬಾಚಿ ಬಾಚಿ ಹೀರಿಕೊಂಡಿತ್ತು; ಚಹಾ ಅದಕ್ಕೆ ಎಳ್ಳಷ್ಟೂ ಅಡ್ಡ ಬಂದಿರಲಿಲ್ಲ. ನಳಿಕೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂದು ಬಲ್ಲವರು ಮೇಡಂ ಒಬ್ಬರೇ. ಶಿಷ್ಯೆ ಏನೂ ಅರಿಯದೆ ಕೇಳಿದಳು:

“ಇಷ್ಟು ಚೆನ್ನಾಗಿ ಹೀರ್ಕೊಳ್ತಿದ್ದಾರೆ, ಮಾತ್ರೇನೂ ತಗೊಂಡಿದ್ದಾರೆ. ಆದ್ರೂ ರಕ್ತ ಇಲ್ಲ. ಹಾಗಾದ್ರೆ ಇವರ ರಕ್ತ ಎಲ್ಲಿಗೆ ಹೋಗ್ತಿದೆ ಮೇಡಂ?”

ಮೇಡಂ ಕೈಗವಸು ತೆಗೆದು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕುಳಿತರು. ರಕ್ತ ತಯಾರಾಗದಿರುವುದು ಒಂದು, ತಯಾರಾದದ್ದು ಸೋರಿಹೋಗುವುದು ಇನ್ನೊಂದು. ವೈದ್ಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುವ ಈ ಭೇದವನ್ನು ತಾವೇ ಎಷ್ಟೋ ತರಗತಿಗಳಲ್ಲಿ ಪಾಠ ಹೇಳಿದ್ದರು. ಅಕ್ಕ ಯಾವಾಗಲೂ ಕಪ್ಪೋ ಕಡುನೀಲಿಯೋ ಬಟ್ಟೆಯನ್ನೇ ಉಡುತ್ತಿದ್ದುದು, ಎಲ್ಲಿಗೆ ಹೋದರೂ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದುದು, ಮದುವೆ ಮನೆಗಳಿಂದ ನಡುವೆಯೇ ಎದ್ದು ಹೊರಟುಬಿಡುತ್ತಿದ್ದುದು ಒಂದೊಂದಾಗಿ ಕಣ್ಣ ಮುಂದೆ ಬಂದವು. ನಿನಗೆ ಬಣ್ಣದ ರುಚಿಯೇ ಇಲ್ಲವೆಂದು ಅವರು ಅಕ್ಕನನ್ನು ಎಷ್ಟೋ ಸಲ ಹಾಸ್ಯ ಮಾಡಿದ್ದುಂಟು.

ಅಂದು ಸಂಜೆಯೇ ಅಕ್ಕನ ಮನೆಗೆ ಹೋದರು. ಅಕ್ಕ ಆಗತಾನೇ ಕೆಲಸದಿಂದ ಬಂದು ಗೋಡೆಗೊರಗಿ ಕೂತಿದ್ದರು. ಮೇಡಂ ಎದುರಿಗೆ ನೆಲದ ಮೇಲೆ ಕೂತು, ತಿಂಗಳ ಮುಟ್ಟು ಹೇಗಿದೆ, ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಅಕ್ಕ ಹೇಳಿದ್ದು ಇಷ್ಟು: ನಿಲ್ಲುವುದೇ ಅಪರೂಪವಾಗಿ ವರ್ಷಗಳಾದವು. ಯಂತ್ರದ ಮುಂದೆ ಕೂತಲ್ಲೇ ಬಟ್ಟೆ ನೆನೆದುಹೋಗುವುದುಂಟು. ಎದ್ದರೆ ಕಲೆ ಕಾಣುತ್ತದೆಂದು ಎಲ್ಲರೂ ಹೋದ ಮೇಲೆ ಏಳುತ್ತಿದ್ದರು. ತಲೆ ಸುತ್ತಿ ಬಂದರೆ ಒಂದು ಲೋಟ ಕಪ್ಪು ಚಹಾ ಕುಡಿದರೆ ಸೂಜಿ ಕಣ್ಣಿಗೆ ಕಾಣುತ್ತಿತ್ತು. ಯಾರಿಗೆ ಹೇಳುವುದು, ಹೇಗೆ ಹೇಳುವುದು ಎಂದು ದಿನ ತಳ್ಳಿದ್ದರು. ಮದುವೆಯಾಗದ ಹೆಣ್ಣು ಅಂಥ ಡಾಕ್ಟರ ಹತ್ತಿರ ಹೋದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕೂ ಇತ್ತು.

“ನನಗಾದ್ರೂ ಹೇಳಬಹುದಿತ್ತಲ್ಲ ಅಕ್ಕಾ” ಎಂದು ಮೇಡಂ ಅಂದರು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು.

“ನೀನು ಕೇಳಿದ್ದಿದ್ರೆ ಹೇಳ್ತಿದ್ನೋ ಇಲ್ವೋ ನನಗೂ ಗೊತ್ತಿಲ್ಲ ಕಣೆ” ಎಂದರು ಅಕ್ಕ. “ಟೀ ಎಷ್ಟು ಲೋಟ, ಯಾವಾಗ, ಸಕ್ಕರೆ ಎಷ್ಟು, ಎಲ್ಲಾ ಕೇಳ್ದೆ. ಲೋಟ ಮೂಸಿ ನೋಡ್ದೆ. ಇದನ್ನ ಮಾತ್ರ ಕೇಳ್ಲಿಲ್ಲ.”

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಮೇಡಂ.

ಹೆಣ್ಣುಮಕ್ಕಳ ವೈದ್ಯೆ ಪರೀಕ್ಷಿಸಿ, ಗರ್ಭಕೋಶದಲ್ಲಿ ಗಡ್ಡೆಗಳಿವೆಯೆಂದೂ, ಇಷ್ಟು ಕಡಿಮೆ ರಕ್ತದಲ್ಲಿ ಈಕೆ ನಡೆದುಕೊಂಡು ಬಂದದ್ದೇ ಆಶ್ಚರ್ಯವೆಂದೂ ಹೇಳಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ವೈದ್ಯೆ ಕೇಳಿದ್ದು ಅಕ್ಕನನ್ನಲ್ಲ, ಜೊತೆಗೆ ಬಂದಿದ್ದ ವಿದ್ಯಾವಂತ ತಂಗಿಯನ್ನು. ಆ ಕೋಣೆಯ ಗೋಡೆಯ ಮೇಲೆ ಮೇಡಂ ಬರೆದ ಭಿತ್ತಿಪತ್ರವನ್ನೇ ಅಂಟಿಸಿದ್ದರು. ಮೇಡಂ ತಗ್ಗಿಸಿದ ತಲೆಯನ್ನು ಮತ್ತೆ ಎತ್ತಲಿಲ್ಲ. ರಕ್ತ ಕೊಟ್ಟರು, ಶಸ್ತ್ರಚಿಕಿತ್ಸೆಯಾಯಿತು, ಅಕ್ಕ ಉಳಿದುಕೊಂಡರು. ಆದರೆ ರಕ್ತವಿಲ್ಲದ ಮೈಯನ್ನು ಅಷ್ಟು ವರ್ಷ ಎಳೆದ ಹೃದಯ ಸೋತುಹೋಗಿತ್ತು. ಕಾಲರಿನ ಸಾಲಿಗೆ ಅವರು ಮತ್ತೆ ಹೋಗಲಿಲ್ಲ. ಅವರ ಯಂತ್ರದ ಮುಂದೆ ಬೇರೆ ಯಾರೋ ಕೂತರು.

ಮೇಡಂ ತಮ್ಮ ಹೊಸ ಪ್ರಬಂಧವನ್ನು ಬರೆದರು. ಅದರಲ್ಲಿ ತಮ್ಮ ಹಳೆಯ ತೀರ್ಮಾನವನ್ನು ಇನ್ನೊಬ್ಬರ ತೀರ್ಮಾನವೆಂಬಂತೆ ನಿಷ್ಠುರವಾಗಿ ವಿಮರ್ಶಿಸಿ, ಚಹಾ ಅಭ್ಯಾಸವಿಲ್ಲದವರ ಮೇಲೆ ನಡೆಸಿದ ಒಂದೊಂದೇ ಊಟದ ಪ್ರಯೋಗದಿಂದ ಎಲ್ಲರಿಗೂ ಬುದ್ಧಿ ಹೇಳಿದ್ದು ತಪ್ಪೆಂದು ಸ್ಪಷ್ಟವಾಗಿ ಒಪ್ಪಿಕೊಂಡರು. ಮೇಷ್ಟ್ರು ಅದನ್ನು ಓದಿ, ಗುರುವಿನ ಜೊತೆ ಒಂದು ಮಾತೂ ಆಡದೆ ಅಚ್ಚಿಗೆ ಕೊಟ್ಟಳೆಂದು ನೊಂದುಕೊಂಡರು. ಅವರು ತೀರಿಕೊಳ್ಳುವವರೆಗೂ ಇಬ್ಬರ ನಡುವೆ ಮಾತು ಮೊದಲಿನಂತಾಗಲಿಲ್ಲ. ಆದರೆ ವಿದ್ವಾಂಸರು ಓದುವ ಪತ್ರಿಕೆಯಲ್ಲಿ ತಪ್ಪೊಪ್ಪಿಕೊಂಡು ಕೈ ತೊಳೆದುಕೊಳ್ಳುವುದು ಮೇಡಂಗೆ ಸಾಕೆನಿಸಲಿಲ್ಲ. ತಪ್ಪು ನಡೆದದ್ದು ಊಟದ ಹಾಲಿನಲ್ಲಿ, ಅಲ್ಲಿಗೇ ಹೋಗಬೇಕೆಂದರು. ಅಕ್ಕನನ್ನೂ ಕರೆದರು. ತಂಗಿ ಹೊರಡಲು ನಿಂತಿದ್ದರೂ ಅಕ್ಕ ಕೂತಲ್ಲಿಂದ ಏಳಲಿಲ್ಲ. “ನೀನು ಹೋಗು. ನನ್ನನ್ನ ಇನ್ನೊಂದು ಸಲ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಬೇಡ.”

ಮೇಡಂ ಶಿಷ್ಯೆಯೊಬ್ಬಳನ್ನೇ ಕರೆದುಕೊಂಡು ಹೋದರು. ಅದೇ ತಗಡಿನ ಮೇಜುಗಳು, ಹೆಚ್ಚುಕಡಿಮೆ ಅವೇ ಮುಖಗಳು. ಈ ಸಲ ಮಾತು ಸರಾಗವಾಗಿ ಬರಲಿಲ್ಲ. ನಿಮ್ಮ ಚಹಾ ಕಿತ್ತುಕೊಳ್ಳುವಷ್ಟು ನನಗೆ ತಿಳಿದಿರಲಿಲ್ಲ, ತಿಳಿದವಳಂತೆ ಮಾತಾಡಿದೆ ಎಂದರು. ನಾಚಿಕೆಯಿಂದ ಯಾರೂ ಆಡದ ಮಾತೊಂದಿದೆ, ಮೈಯಿಂದ ರಕ್ತ ಹೋಗುವ ಮಾತು, ಅದನ್ನು ಕೇಳದೆ ಊಟದ ಮಾತಾಡಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದರು. ಅಕ್ಕನ ಹೆಸರೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕನ ಪಕ್ಕದಲ್ಲಿ ಕೂರುವುದನ್ನು ಬಿಟ್ಟಿದ್ದ ಹೆಂಗಸೊಬ್ಬರು ಎದ್ದು ನಿಂತು, “ಅದೆಲ್ಲ ಸರಿ ಮೇಡಂ. ನಮ್ಮ ಟೀ ವಾಪಸ್ ಬರುತ್ತಾ?” ಎಂದು ಕೇಳಿದರು.

ಆ ಪ್ರಶ್ನೆಯ ಉತ್ತರಕ್ಕಾಗಿ ಮೇಡಂ ವರ್ಷಗಟ್ಟಲೆ ಕಾರ್ಖಾನೆಯ ಕಚೇರಿಗೆ ಎಡತಾಕಿದರು. ಚಹಾ ನಿಲ್ಲಿಸಲು ಒಂದೇ ಭಾಷಣ ಸಾಕಾಗಿತ್ತು. ಅದನ್ನು ಮರಳಿ ತರಲು ಎಷ್ಟು ಮಾತಾಡಿದರೂ ಸಾಲಲಿಲ್ಲ. ಕೊನೆಗೊಮ್ಮೆ ಚಹಾ ಬಂತು, ಮೊಟಕಾದ ಬಿಡುವು ಮಾತ್ರ ಹಾಗೆಯೇ ಉಳಿಯಿತು. ಇಂದಿಗೂ ಅಲ್ಲಿನ ಹೆಂಗಸರು ನಿಂತುಕೊಂಡೇ ಗಬಗಬ ಕುಡಿದು ಯಂತ್ರಕ್ಕೆ ಓಡುತ್ತಾರೆ. ಇದು ನನ್ನ ಸಾಧನೆಗಳಲ್ಲಿ ಸೇರಬೇಕಾದದ್ದು ಎಂದು ಮೇಡಂ ಶಿಷ್ಯೆಗೆ ಕಹಿಯಾಗಿ ಹೇಳಿದ್ದುಂಟು.

ಆದರೆ ಅಂದು ಆ ಎರಡನೆಯ ಭಾಷಣ ಮುಗಿದ ಮೇಲೆ ಇನ್ನೊಂದು ಸಂಗತಿ ನಡೆದಿತ್ತು. ಹಾಲಿನಿಂದ ಹೊರಬರುವ ಓಣಿಯಲ್ಲಿ ಇಬ್ಬರು ಹೆಂಗಸರು ಕೈ ತೊಳೆಯುವ ನೆಪದಲ್ಲಿ ಹಿಂದುಳಿದು, ಮೆಲ್ಲಗೆ ಮೇಡಂ ಬಳಿ ಬಂದು, ತಮಗೂ ಹಾಗೇ ಆಗುತ್ತದೆ ಎಂದರು. ವಿಭಾಗದಲ್ಲಿ ಇಂದು ನಡೆಯುತ್ತಿರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಸಣ್ಣ ಸಲಹಾ ಕೋಣೆ ಹುಟ್ಟಿದ್ದು ಹಾಗೆ. ರಕ್ತ ಕಡಿಮೆಯೆಂದು ಬಂದ ಯಾವ ಹೆಣ್ಣಿಗೂ ಅಲ್ಲಿ ಮೊದಲು ಊಟದ ಪ್ರಶ್ನೆ ಕೇಳುವಂತಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯನ್ನು, ಮುಟ್ಟಿನ ಪ್ರಶ್ನೆಯನ್ನು, ಕಣ್ಣು ತಪ್ಪಿಸದೆ, ದನಿ ತಗ್ಗಿಸದೆ, ಮಗುವಿನ ಜ್ವರ ವಿಚಾರಿಸಿದಷ್ಟು ಸಹಜವಾಗಿ ಕೇಳಲು ಮೇಡಂ ತಮ್ಮ ವಿದ್ಯಾರ್ಥಿನಿಯರನ್ನು ಪಳಗಿಸಿದರು. ಕೇಳಲು ನಾಚಿದವಳು ಕಲಿಯುವವರೆಗೂ ಪದವಿ ಪರೀಕ್ಷೆಗೆ ಕೂರುವಂತಿರಲಿಲ್ಲ. ಆ ಕೋಣೆಯಿಂದ ಸಕಾಲದಲ್ಲಿ ಆಸ್ಪತ್ರೆಗೆ ಹೋಗಿ ಮರಳಿದವರು ಎಷ್ಟೋ ಜನ. ಅವರ ವಿಷಯ ಹೇಳಿ ಸಮಾಧಾನಪಡಿಸಲು ಹೋದವರಿಗೆ ಮೇಡಂ, ಅದು ಬೇರೆ ಇದು ಬೇರೆ ಎಂದು ಮಾತು ಮುಗಿಸುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆಯುವುದು ಅವರಿಗೆ ಇಂದಿಗೂ ಒಗ್ಗಿಲ್ಲ.

ಅಕ್ಕ ಈಗ ತಂಗಿಯ ಮನೆಯ ಕೆಳಗಿನ ಕೋಣೆಯಲ್ಲಿದ್ದಾರೆ. ಈ ಲೇಖನಕ್ಕೆ ಅವರ ಒಪ್ಪಿಗೆಯೂ ಬೇಕಿತ್ತು. ಮೇಡಂ ಹೇಳಿದರೆಂದು ಅಕ್ಕನ ಮೈಯ ವಿಷಯವನ್ನು ಎರಡನೆಯ ಸಲ ಸಭೆಯ ಮುಂದಿಡಲು ಶಿಷ್ಯೆಗೆ ಮನಸ್ಸಾಗಲಿಲ್ಲ. ಪೂರ್ತಿ ಓದಿಸಿ ಕೇಳಿದ ಮೇಲೆ ಅಕ್ಕ ಹೇಳಿದರು: “ಹಾಕು. ಇದನ್ನ ಓದಿ ಒಬ್ಬಳಾದ್ರೂ ಡಾಕ್ಟರ ಹತ್ರ ಹೋದ್ರೆ ಸಾಕು. ನನ್ನ ತಂಗಿ ಅಳ್ತಾ ಕೂತಿರ್ತಾಳೆ ಅಂತೆಲ್ಲ ಬರೀಬೇಡ, ಅವಳಿಗೆ ಕೆಲಸ ಬೇಕಾದಷ್ಟಿದೆ.”

ಕೆಲಸ ಇರುವುದಂತೂ ನಿಜ. ಚಹಾ ನಿರಪರಾಧಿಯೆಂದು ಈಗ ಜನ ಮೇಡಂ ಮಾತನ್ನೇ ಹಿಡಿದು ಹೇಳತೊಡಗಿರುವುದು ಅವರ ಹೊಸ ಚಿಂತೆ. ಎಂಜಲಿನಲ್ಲಿ ಆ ಪ್ರೋಟೀನುಗಳು ಕಡಿಮೆ ಇರುವವರು, ಎಷ್ಟು ವರ್ಷ ಕುಡಿದರೂ ಬಾಯಿ ಪಾಠ ಕಲಿಯದವರು ಇದ್ದೇ ಇದ್ದಾರೆ. ಅವರಿಗೆ ಚಹಾವನ್ನು ಊಟದಿಂದ ದೂರವಿಡುವುದೇ ಒಳಿತು. ಅವರು ಯಾರು, ಅವರನ್ನು ಮುಂಚಿತವಾಗಿ ಗುರುತಿಸುವುದು ಹೇಗೆ ಎಂಬ ಅಧ್ಯಯನವನ್ನು ಮೇಡಂ ಸೇವೆಯ ಈ ಕೊನೆಯ ದಿನಗಳಲ್ಲಿ ಆರಂಭಿಸಿದ್ದಾರೆ. ನಿವೃತ್ತಿಯ ಮರುದಿನವೂ ಅದೇ ಪ್ರಯೋಗಾಲಯಕ್ಕೆ, ಹುದ್ದೆಯಿಲ್ಲದೆ, ಬರುವುದಾಗಿ ತಿಳಿಸಿದ್ದಾರೆ.

ಅಂಥವರಿಗೆ ಶಿಷ್ಯವರ್ಗ ಏನೆಂದು ಹಾರೈಸಬೇಕು? ಮನಸ್ಸಿನ ಭಾರವೆಲ್ಲ ಇಳಿದು ಹಗುರಾಗಲಿ ಎಂದರೆ ಅವರು ಒಪ್ಪುವುದಿಲ್ಲ. ಆದ್ದರಿಂದ ಅವರು ಒಪ್ಪುವಂಥ ಹಾರೈಕೆಯೊಂದನ್ನೇ ಇಲ್ಲಿ ಸಲ್ಲಿಸಲಾಗಿದೆ. ಅವರ ಮೈಯಲ್ಲಿ ಶಕ್ತಿ, ಕೈಯಲ್ಲಿ ಸ್ಥಿರತೆ, ಅಕ್ಕತಂಗಿಯರ ನಡುವೆ ಜಗಳವಾಡುವಷ್ಟು ಸಲಿಗೆ ಬಹುಕಾಲ ಉಳಿಯಲಿ. ಅವರು ಇಂದು ನಿಜವೆಂದು ನಂಬಿರುವುದರಲ್ಲಿಯೂ ತಪ್ಪು ಹುಡುಕಿ, ಹೆದರದೆ ಅವರ ಮುಖಕ್ಕೇ ಹೇಳುವ ಹುಡುಗಿಯೊಬ್ಬಳು ಈ ವಿಭಾಗದಲ್ಲಿ ಬೆಳೆದು ಬರಲಿ. ಅವಳ ಮಾತನ್ನು ಕುಳಿತು ಕೇಳಲು ಮೇಡಂ ಅಂದೂ ಇರಲಿ.